ರನ್‌ವೇ ಕಾಮಗಾರಿ: ಅಪಾಯ ಇರುವುದು ಕೆಲಸದಲ್ಲೋ, ಹಸ್ತಾಂತರದಲ್ಲೋ?

ಡಾಂಬರುಗಾರ:

ಹೆದ್ದಾರಿ ಮತ್ತು ಸೇತುವೆ ಕಾಮಗಾರಿಗಳಲ್ಲಿ ಪಳಗಿದವನು ನಾನು. ದಟ್ಟಣೆಯ ವಿಮಾನ ನಿಲ್ದಾಣವೊಂದರ ರನ್‌ವೇಗೆ ಹೊಸ ಡಾಂಬರು ಪದರ ಹಾಕುವ ಕೆಲಸದ ಸುರಕ್ಷತಾ ಯೋಜನೆ ಬರೆಯುವ ಹೊಣೆ ಈಗ ಮೊದಲ ಬಾರಿಗೆ ಹೆಗಲೇರಿದೆ. ರಾತ್ರಿ ಮುಚ್ಚಿ, ಬೆಳಗಿನ ಮೊದಲ ವಿಮಾನಕ್ಕೆ ಮುನ್ನ ತೆರೆಯುವ ಏರ್ಪಾಟು. ಮಾದರಿಗಾಗಿ ಹಳೆಯ ಯೋಜನೆಗಳನ್ನು ತಿರುವಿ ಹಾಕಿದೆ. ಹೆಲ್ಮೆಟ್, ಹೊಳೆಯುವ ಅಂಗಿ, ಶೂ, ಪ್ರಥಮ ಚಿಕಿತ್ಸೆ, ಬೆಂಕಿ ನಂದಿಸುವ ಸಿಲಿಂಡರ್ ಇವುಗಳಿಗೆ ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ರನ್‌ವೇ ನಮ್ಮ ಕೈಗೆ ಬರುವ ಹೊತ್ತು, ನಾವು ಅದನ್ನು ಹಿಂದಿರುಗಿಸುವ ಹೊತ್ತು, ಈ ಎರಡಕ್ಕೂ ಸೇರಿ ಒಂದೇ ವಾಕ್ಯ: "ಸಂಬಂಧಪಟ್ಟ ಅಧಿಕಾರಿಗಳ ಸಮನ್ವಯದೊಂದಿಗೆ ಹಸ್ತಾಂತರಿಸಲಾಗುವುದು."

ನನ್ನ ಅನುಮಾನ ಇಷ್ಟೇ. ನಡುರಾತ್ರಿ ಎಲ್ಲರೂ ಕೆಲಸದಲ್ಲಿ ಮುಳುಗಿರುವಾಗ ಈ ಜಾಗ ಹೆದ್ದಾರಿಗಿಂತ ಹೆಚ್ಚು ಅಪಾಯಕಾರಿ ಎಂದು ನನಗೆ ಅನ್ನಿಸುತ್ತಿಲ್ಲ. ಹೆದ್ದಾರಿಯಲ್ಲಾದರೆ ಪಕ್ಕದ ಪಥದಲ್ಲೇ ನಿದ್ದೆಗಣ್ಣಿನ ಚಾಲಕರು ಓಡಾಡುತ್ತಿರುತ್ತಾರೆ. ಇಲ್ಲಿ ಕುತ್ತು ಇರುವುದು ಜಾಗ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಗಳಿಗೆಯಲ್ಲಿ. ಹಾಗಿದ್ದರೆ ಯೋಜನೆಯನ್ನೂ ಅಲ್ಲಿಂದಲೇ ಬರೆಯಲು ತೊಡಗಬೇಕಲ್ಲವೇ? ಅನುಭವಸ್ಥರು ತಿದ್ದಬೇಕು.

ಹಳದಿ ಜೀಪು:

ಏರ್‌ಸೈಡ್, ಅಂದರೆ ವಿಮಾನಗಳು ಓಡಾಡುವ ಆವರಣದ, ಕಾರ್ಯಾಚರಣೆ ವಿಭಾಗದಲ್ಲಿ ನನ್ನ ಕೆಲಸ. ನಿಮ್ಮ ಅನುಮಾನಕ್ಕೆ ನನ್ನ ಪೂರ್ಣ ಸಹಮತವಿದೆ.

ಮುಚ್ಚುವ ಹೊತ್ತನ್ನು ಹತ್ತಿರದಿಂದ ನೋಡಿ. ಗೇಟಿನ ಬಳಿ ಟಿಪ್ಪರ್, ಪೇವರ್ (ಡಾಂಬರು ಹಾಸುವ ಯಂತ್ರ), ರೋಲರ್, ನೀರಿನ ಟ್ಯಾಂಕರ್ ಎಲ್ಲವೂ ಎಂಜಿನ್ ಚಾಲೂ ಇಟ್ಟುಕೊಂಡು ಸಾಲಾಗಿ ನಿಂತಿರುತ್ತವೆ. ಡಾಂಬರು ಆರುತ್ತಿದೆ ಎಂದು ಮೇಸ್ತ್ರಿ ಚಡಪಡಿಸುತ್ತಿರುತ್ತಾನೆ. ತಡವಾದ ಒಂದು ವಿಮಾನ ಇನ್ನೂ ಇಳಿಯಬೇಕಿದೆ. ಆಗ ಯಾರೋ ಫೋನಿನಲ್ಲಿ "ಆಯ್ತಂತೆ, ಬಿಡಿ" ಎನ್ನುತ್ತಾರೆ. ಆ "ಆಯ್ತಂತೆ"ಗೆ ನಮ್ಮಲ್ಲಿ ಬೆಲೆಯಿಲ್ಲ. ರನ್‌ವೇ ಮುಚ್ಚಿದೆ ಎಂದು ಟವರ್‌ನ ನಿಯಂತ್ರಕರು ರೇಡಿಯೋದಲ್ಲಿ ಹೇಳಬೇಕು, ನಾನು ಅದನ್ನು ಪದಶಃ ಮರಳಿ ಹೇಳಬೇಕು, ಇಬ್ಬರೂ ಸಮಯ ಬರೆದುಕೊಳ್ಳಬೇಕು. ಆಮೇಲೆ ದೀಪಗಳು ಆರಬೇಕು, ಎರಡೂ ತುದಿಗಳಲ್ಲಿ ಎಕ್ಸ್ ಆಕಾರದ ದೊಡ್ಡ ಗುರುತು ಹೊತ್ತಿಕೊಳ್ಳಬೇಕು, ರನ್‌ವೇಗೆ ಬರುವ ಪ್ರತಿ ಟ್ಯಾಕ್ಸಿವೇಯ (ವಿಮಾನಗಳು ನೆಲದ ಮೇಲೆ ಸಾಗುವ ದಾರಿ) ಬಾಯಲ್ಲಿ ಬ್ಯಾರಿಕೇಡ್ ಕೂರಬೇಕು. ಇಷ್ಟನ್ನೂ ಕಣ್ಣಾರೆ ನೋಡಿದ ಮೇಲೆಯೇ ಮೊದಲ ಟಿಪ್ಪರ್ ಒಳಗೆ. ಅದೂ ಎಸ್ಕಾರ್ಟ್ ವಾಹನದ ಹಿಂದೆ. ಎಸ್ಕಾರ್ಟ್‌ಗೆ ಎಷ್ಟು ಗಾಡಿಗಳನ್ನು ಕನ್ನಡಿಯಲ್ಲಿ ಕಾಣಲು ಸಾಧ್ಯವೋ ಅಷ್ಟೇ ಗಾಡಿಗಳ ಗುಂಪು.

ತೆರೆಯುವ ಹೊತ್ತು ಇದಕ್ಕಿಂತ ಕಷ್ಟ. ಎಲ್ಲರೂ ದಣಿದಿರುತ್ತಾರೆ, ಗಡಿಯಾರ ಓಡುತ್ತಿರುತ್ತದೆ. ಒಳಗೆ ಹೋದ ವಾಹನಗಳ ಲೆಕ್ಕವೂ ಹೊರಗೆ ಬಂದ ವಾಹನಗಳ ಲೆಕ್ಕವೂ ತಾಳೆಯಾಗಬೇಕು. ಜನರ ಲೆಕ್ಕವೂ ಅಷ್ಟೇ. ಯಾರೋ ಒಬ್ಬ ಸರ್ವೆ ಹುಡುಗ ಟ್ರೈಪಾಡ್ ಮರೆತೆನೆಂದು ಹಿಂದಕ್ಕೆ ಓಡುವುದು ಈ ಹೊತ್ತಿನಲ್ಲೇ. ಕಲ್ಲುಚೂರು ಹುಡುಕಲು ಮೇಲಿನಿಂದ ಬೆಳಕು ಚೆಲ್ಲಿದರೆ ಏನೂ ಕಾಣದು. ಜೀಪಿನ ಹೆಡ್‌ಲೈಟ್ ನೆಲಕ್ಕೆ ತೀರ ಓರೆಯಾಗಿ ಬಿದ್ದರೆ ಕಡಲೆ ಗಾತ್ರದ ಜಲ್ಲಿಯೂ ಗೇಣುದ್ದ ನೆರಳು ಚಾಚುತ್ತದೆ. ಗುಡಿಸುವ ಯಂತ್ರ ಹೋದ ಮೇಲೆ ನಾವು ಅದನ್ನೇ ಮಾಡುವುದು.

ಗೋಪುರವಾಸಿ:

ನಿವೃತ್ತ ವಾಯು ಸಂಚಾರ ನಿಯಂತ್ರಕ. ಹಳದಿ ಜೀಪು ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಹಸ್ತಾಂತರ ಎಂದರೆ ಗೇಟಿನ ಬಳಿ ನಡೆಯುವ ಸಹಿ ಎಂದು ಭಾವಿಸಿದರೆ ಕಥೆ ಅರ್ಧವಾಗುತ್ತದೆ. ಪೈಲಟ್‌ನ ತಲೆಯೊಳಗಿನ ನಕ್ಷೆಯೂ ಕೈ ಬದಲಾಯಿಸಬೇಕು.

2000ದ ಅಕ್ಟೋಬರ್ 31ರ ರಾತ್ರಿ ತೈಪೆಯ ಚಿಯಾಂಗ್ ಕೈ-ಶೆಕ್ ನಿಲ್ದಾಣದಲ್ಲಿ ನಡೆದದ್ದನ್ನು ಈ ವೃತ್ತಿಯ ಪ್ರತಿಯೊಬ್ಬರೂ ಓದಬೇಕು. ಚಂಡಮಾರುತದ ಮಳೆಗಾಳಿ. ಸಿಂಗಪುರ ಏರ್‌ಲೈನ್ಸ್‌ನ 006ನೇ ವಿಮಾನ, ಬೋಯಿಂಗ್ 747, 05 ಎಲ್ (ಎಡ) ರನ್‌ವೇಯಿಂದ ಏರಬೇಕಿತ್ತು. ಅದಕ್ಕೆ ಸಮಾನಾಂತರವಾಗಿದ್ದ 05 ಆರ್ (ಬಲ) ಕಾಮಗಾರಿಗಾಗಿ ಭಾಗಶಃ ಮುಚ್ಚಿತ್ತು. ಮುಚ್ಚಿದೆ ಎಂಬ ನೋಟಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಹೊರಬಿದ್ದಿತ್ತು, ಪೈಲಟ್‌ಗಳಿಗೂ ಅದು ತಿಳಿದಿತ್ತು. ಆದರೂ ಅವರು ತಿರುಗಿದ್ದು 05 ಆರ್‌ಗೆ. ಮುಂದಿದ್ದ ಕಾಂಕ್ರೀಟ್ ತಡೆಗಳಿಗೆ, ಅಗೆಯುವ ಯಂತ್ರಗಳಿಗೆ ವಿಮಾನ ಅಪ್ಪಳಿಸಿತು. ಇದ್ದ 179 ಮಂದಿಯಲ್ಲಿ 83 ಮಂದಿ ಸತ್ತರು.

ಹೀಗೇಕಾಯಿತು? ಆ ರನ್‌ವೇಯ ಆರಂಭದ ಭಾಗ ಟ್ಯಾಕ್ಸಿ ಮಾಡಲು ಇನ್ನೂ ಬಳಕೆಯಲ್ಲಿದ್ದ ಕಾರಣ ಬಾಯಲ್ಲಿ ತಡೆ ಇರಲಿಲ್ಲ. ಟ್ಯಾಕ್ಸಿವೇಯ ಹಸಿರು ನಡುದೀಪಗಳು ಅಂದವಾಗಿ ಬಾಗಿ 05 ಆರ್‌ಗೇ ಕರೆದೊಯ್ಯುತ್ತಿದ್ದವು. ಮುಂದೆ 05 ಎಲ್‌ನತ್ತ ಒಯ್ಯಬೇಕಿದ್ದ ದೀಪಗಳಲ್ಲಿ ಒಂದು ಕೆಟ್ಟಿತ್ತು, ಇನ್ನೊಂದು ಮಂಕಾಗಿತ್ತು. ಅಂಥ ಮಳೆಯಲ್ಲಿ ಪೈಲಟ್‌ನ ಕಣ್ಣು ಹಸಿರನ್ನು ಹಿಂಬಾಲಿಸಿತು. ಅಲ್ಲಿ ಸಹಿ ತಪ್ಪಿರಲಿಲ್ಲ. ಕಾಗದದ ಮೇಲೆ ಮುಚ್ಚಿದ್ದ ಜಾಗ ನೆಲದ ಮೇಲೆ ತೆರೆದೇ ಇತ್ತು.

ಇನ್ನೊಂದು ಮಾತು, ಕಾಕತಾಳೀಯ. ಸರಿಯಾಗಿ 21 ವರ್ಷ ಹಿಂದೆ, 1979ರ ಅಕ್ಟೋಬರ್ 31ರಂದೇ, ಮೆಕ್ಸಿಕೋ ಸಿಟಿಯಲ್ಲಿ ವೆಸ್ಟರ್ನ್ ಏರ್‌ಲೈನ್ಸ್‌ನ ಡಿಸಿ-10 ಮಂಜಿನಲ್ಲಿ ಮುಚ್ಚಿದ್ದ ರನ್‌ವೇಗೆ ಇಳಿದು ಕಾಮಗಾರಿಯ ಟ್ರಕ್ಕಿಗೆ ಬಡಿದಿತ್ತು. 70ಕ್ಕೂ ಹೆಚ್ಚು ಜನ ಹೋದರು.

ದೀಪದ ಮೇಸ್ತ್ರಿ:

ಗೋಪುರವಾಸಿ ಸರ್ ಹೇಳಿದ ಹಸಿರು ದೀಪದ ವಿಷಯ ನನ್ನ ಹೊಟ್ಟೆಪಾಡಿನದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮುಚ್ಚಿದ ರನ್‌ವೇ ಅಥವಾ ಟ್ಯಾಕ್ಸಿವೇಯ ದೀಪಗಳು ಉರಿಯಬಾರದು, ನಿರ್ವಹಣೆಗೆ ಬೇಕಾದಾಗ ಮಾತ್ರ ವಿನಾಯಿತಿ. ಇದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 14ನೇ ಅನುಬಂಧದ ಮಾತು. ಮುಚ್ಚಿದ ಭಾಗವನ್ನು, ರಾತ್ರಿ ಬಳಕೆಯಲ್ಲಿರುವ ರನ್‌ವೇ ಅಥವಾ ಟ್ಯಾಕ್ಸಿವೇ ಹಾದುಹೋಗುತ್ತಿದ್ದರೆ ಪ್ರವೇಶಕ್ಕೆ ಅಡ್ಡಲಾಗಿ ಕೆಂಪು ದೀಪಗಳನ್ನು 3 ಮೀಟರ್‌ಗಿಂತ ಹೆಚ್ಚು ಅಂತರವಿಲ್ಲದಂತೆ ಇಡಬೇಕು. ಓದಲು ಸರಳ. ಮಾಡಲು ಹೋದಾಗ ಗೊತ್ತಾಗುತ್ತದೆ, ದೀಪಗಳ ಸರ್ಕ್ಯೂಟ್ ನಿಮ್ಮ ಕಾಮಗಾರಿಯ ಹಂತಗಳಿಗೆ ತಕ್ಕಂತೆ ಹಂಚಿಕೆಯಾಗಿಲ್ಲ ಎಂದು. ಇವೆಲ್ಲ ಒಂದರ ಹಿಂದೊಂದು ಪೋಣಿಸಿದ ಸರಣಿ ಸರ್ಕ್ಯೂಟ್‌ಗಳು. ಮುಚ್ಚಬೇಕಾದ ಟ್ಯಾಕ್ಸಿವೇಯ ದೀಪವನ್ನು ಆರಿಸಿದರೆ ಪಕ್ಕದ, ತೆರೆದಿರಬೇಕಾದ ಟ್ಯಾಕ್ಸಿವೇಯ ಅರ್ಧವೂ ಆರುತ್ತದೆ.

ಆಗ ಹೊಳೆಯುವ ಅಗ್ಗದ ಉಪಾಯವೆಂದರೆ ದೀಪಗಳ ಮೇಲೆ ಮುಚ್ಚಳ ಅಂಟಿಸುವುದು. ಎರಡು ರಾತ್ರಿ ಚೆನ್ನಾಗಿರುತ್ತದೆ. ಮೂರನೆಯ ರಾತ್ರಿ ಪಕ್ಕದಲ್ಲಿ ಹಾದುಹೋದ ದೊಡ್ಡ ವಿಮಾನದ ಎಂಜಿನ್ ಗಾಳಿಗೆ ಒಂದು ಮುಚ್ಚಳ ಹಾರುತ್ತದೆ. ಆಗ ಎರಡು ಅಪಾಯ ಒಟ್ಟಿಗೆ: ಮುಚ್ಚಿದ ದಾರಿಯಲ್ಲಿ ಒಂಟಿ ಹಸಿರು ದೀಪ, ತೆರೆದ ದಾರಿಯಲ್ಲಿ ಬಿದ್ದ ಮುಚ್ಚಳ. ತಾತ್ಕಾಲಿಕ ಕೇಬಲ್ ಎಳೆದು ಸರ್ಕ್ಯೂಟ್ ಬೇರ್ಪಡಿಸಲು ಖರ್ಚಾಗುತ್ತದೆ, ದಿನಗಳೂ ಹಿಡಿಯುತ್ತವೆ. ಆದರೆ ಅದನ್ನು ಅಂದಾಜು ಪಟ್ಟಿಯಲ್ಲೇ ಸೇರಿಸದೆ "ಸ್ಥಳದಲ್ಲಿ ನೋಡಿಕೊಳ್ಳೋಣ" ಎನ್ನುವವರೇ ಹೆಚ್ಚು.

ಕೇಬಲ್ ಎಂದಾಗ ನೆನಪಾಯಿತು. ಅಗೆಯುವ ಮೊದಲು ಹಳೆಯ ನಕ್ಷೆಯನ್ನು ನಂಬಬೇಡಿ. ಲೊಕೇಟರ್ ಹಿಡಿದು ಗುರುತು ಮಾಡಿಸಿ, ಆಮೇಲೆ ಕೈಯಿಂದ ಪರೀಕ್ಷಾ ಗುಂಡಿ ತೋಡಿಸಿ, ನಂತರವೇ ಜೆಸಿಬಿ. ಆ ಸರಣಿ ಸರ್ಕ್ಯೂಟ್‌ಗಳಲ್ಲಿ ಸಾವಿರಾರು ವೋಲ್ಟ್ ಹರಿಯುತ್ತಿರಬಹುದು. ಕೇಬಲ್ ಕಡಿದರೆ ಸಾಯುವವನು ಒಬ್ಬ. ಅದೇ ಕ್ಷಣದಲ್ಲಿ ರನ್‌ವೇ ಕತ್ತಲಾದರೆ ಇಳಿಯುತ್ತಿರುವ ವಿಮಾನದ ಗತಿಯೇನು?

ಎಡ ಆಸನ:

ಕ್ಯಾಪ್ಟನ್ ಆಗಿ ಹಾರಿಸುತ್ತೇನೆ. ಈ ಚರ್ಚೆಯಲ್ಲಿ ಎಲ್ಲರೂ ನೋಟಮ್ ಎಂಬ ಪದವನ್ನು ಸಲೀಸಾಗಿ ಬಳಸುತ್ತಿದ್ದಾರೆ. ನೋಟಮ್ ಹೊರಡಿಸಿದರೆ ಪೈಲಟ್‌ಗೆ ತಿಳಿಯಿತು ಎಂದು ಲೆಕ್ಕ ಹಾಕುವವರ ಮೇಲೆ ನನಗೆ ಕೋಪವಿದೆ.

2017ರ ಜುಲೈ 7ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 28 ಎಲ್ ರನ್‌ವೇ ಕಾಮಗಾರಿಗಾಗಿ ಮುಚ್ಚಿ, ದೀಪ ಆರಿತ್ತು. ಏರ್ ಕೆನಡಾದ 759ನೇ ವಿಮಾನ 28 ಆರ್‌ಗೆ ಇಳಿಯಬೇಕು. ಎರಡು ರನ್‌ವೇಗಳು ಕಾಣುತ್ತವೆ ಎಂಬ ನಿರೀಕ್ಷೆಯಲ್ಲಿದ್ದ ಪೈಲಟ್‌ಗಳು 28 ಆರ್ ಅನ್ನೇ 28 ಎಲ್ ಎಂದುಕೊಂಡು, ಅದರ ಬಲಕ್ಕಿದ್ದ ಟ್ಯಾಕ್ಸಿವೇಯನ್ನು ತಮ್ಮ ರನ್‌ವೇ ಎಂದುಕೊಂಡರು. ಆ ಟ್ಯಾಕ್ಸಿವೇಯಲ್ಲಿ ಪ್ರಯಾಣಿಕರು ತುಂಬಿದ ನಾಲ್ಕು ವಿಮಾನಗಳು ಸರದಿ ಕಾಯುತ್ತಿದ್ದವು. ಸುಮಾರು 60 ಅಡಿ ಎತ್ತರದವರೆಗೂ ಇಳಿದು ಮತ್ತೆ ಏರಿದರು. 28 ಎಲ್ ಮುಚ್ಚಿದೆ ಎಂಬ ಮಾಹಿತಿ ಅವರ ಬಳಿ ಇತ್ತು: 27 ಪುಟಗಳ ಕಡತದ 8ನೇ ಪುಟದಲ್ಲಿ. ದೂರದ ಗೋಪುರವೊಂದರ ದೀಪ ಕೆಟ್ಟಿದೆ, ಹುಲ್ಲು ಕತ್ತರಿಸಲಾಗುತ್ತಿದೆ ಎಂಬಂಥ ಸಾಲುಗಳ ನಡುವೆ ರನ್‌ವೇ ಮುಚ್ಚಿದ ಸಾಲೂ ಅದೇ ಅಕ್ಷರ ಗಾತ್ರದಲ್ಲಿ ಬಂದರೆ ಯಾರ ಕಣ್ಣಿಗೆ ಬೀಳಬೇಕು?

ಪೂರ್ತಿ ಮುಚ್ಚುವುದಕ್ಕಿಂತ ಹೆಚ್ಚು ಹೆದರಿಕೆ ನನಗೆ ಉದ್ದ ಕಡಿಮೆ ಮಾಡಿದ ರನ್‌ವೇಯದು. 2003ರ ಜುಲೈ 16ರಂದು ಮ್ಯಾಂಚೆಸ್ಟರ್‌ನಲ್ಲಿ ರನ್‌ವೇಯ ದೂರದ ತುದಿಯಲ್ಲಿ ಟೈರ್ ರಬ್ಬರ್ ಕೆರೆಯುವ ಕೆಲಸ ನಡೆದಿತ್ತು. ಉದ್ದ ಕಡಿಮೆಯಾದ ಮಾಹಿತಿ ತಲುಪಿದ್ದರೂ ಬೋಯಿಂಗ್ 737ರ ಪೈಲಟ್‌ಗಳು ಪೂರ್ಣ ಉದ್ದಕ್ಕೆ ಸಾಕಾಗುವ, ಅಂದರೆ ಕಡಿಮೆ, ಶಕ್ತಿಯಲ್ಲಿ ಓಟ ಆರಂಭಿಸಿದರು. ರನ್‌ವೇಯ ಉಬ್ಬು ದಾಟಿದ ಮೇಲೆಯೇ ಮುಂದಿನ ವಾಹನಗಳು ಕಂಡದ್ದು. ಅಷ್ಟರಲ್ಲಿ ನಿಲ್ಲಿಸುವ ವೇಗ ಮೀರಿತ್ತು. ಒಂದು ವಾಹನದಿಂದ 56 ಅಡಿ ಅಂತರದಲ್ಲಿ ಪಾರಾದರು. ಮುಚ್ಚಿದ ರನ್‌ವೇ ಕನಿಷ್ಠ ಕತ್ತಲಾಗಿ ಕಾಣುತ್ತದೆ. ಮೋಟಾದ ರನ್‌ವೇ ಮೊದಲಿನಂತೆಯೇ ಕಾಣುತ್ತದೆ.

ನನಗೆ ಬೇಕಾದದ್ದು ಮೂರು ಕಡೆಯಿಂದ ಒಂದೇ ಮಾತು: ನಕ್ಷೆಯ ಚಿತ್ರ, ನಿಲ್ದಾಣದ ಧ್ವನಿಮುದ್ರಿತ ಪ್ರಸಾರ, ಟೇಕ್‌ಆಫ್ ಅನುಮತಿ. ಅಮೆರಿಕದಲ್ಲಿ ಕಾಮಗಾರಿಯಿಂದ ರನ್‌ವೇ ತಾತ್ಕಾಲಿಕವಾಗಿ ಮೋಟಾಗಿದ್ದರೆ ನಿಯಂತ್ರಕರು ಟೇಕ್‌ಆಫ್ ಅನುಮತಿಯಲ್ಲೇ ರನ್‌ವೇ ಸಂಖ್ಯೆಯ ಜೊತೆ "ಶಾರ್ಟನ್ಡ್" ಎನ್ನುತ್ತಾರೆ. ಒಂದೇ ಪದ. ಥ್ರಾಟಲ್ ಮೇಲೆ ಕೈ ಇಟ್ಟ ಗಳಿಗೆಯಲ್ಲಿ ಅದು ಕಿವಿಗೆ ಬೀಳುತ್ತದೆ.

ಸುಮ್ಮನೆ ಓದುಗ:

ನಾನು ಪ್ರಯಾಣಿಕ ಅಷ್ಟೇ. ಇದನ್ನೆಲ್ಲ ಓದಿ ಎದೆ ಝಲ್ಲೆಂದಿತು. ಒಂದು ದಡ್ಡ ಪ್ರಶ್ನೆ. ಸಂಸಾರವನ್ನೆಲ್ಲ ಮನೆಯೊಳಗೇ ಇಟ್ಟುಕೊಂಡು ಕೋಣೆ ಕೋಣೆಗೆ ಸುಣ್ಣ ಹೊಡೆಸುವ ಈ ಒದ್ದಾಟ ಏಕೆ? ರನ್‌ವೇಯನ್ನು ಒಂದಷ್ಟು ವಾರ ಪೂರ್ತಿ ಮುಚ್ಚಿ ಕೆಲಸ ಮುಗಿಸಬಾರದೇ?

ಟೆಂಡರ್ ಕಡತ:

ದಡ್ಡ ಪ್ರಶ್ನೆಯೇನಲ್ಲ, ಯೋಜನಾ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ. ಎರಡು ರನ್‌ವೇ ಇದ್ದವರು ಮಾಡಿದ್ದಾರೆ. ದುಬೈ 2019ರಲ್ಲಿ ದಕ್ಷಿಣದ ರನ್‌ವೇಯನ್ನೂ 2022ರಲ್ಲಿ ಉತ್ತರದ ರನ್‌ವೇಯನ್ನೂ ತಲಾ 45 ದಿನ ಪೂರ್ತಿ ಮುಚ್ಚಿ ನವೀಕರಿಸಿತು. ವಿಮಾನಗಳ ಸಂಖ್ಯೆ ಇಳಿಸಿ, ಕೆಲವನ್ನು ಇನ್ನೊಂದು ನಿಲ್ದಾಣಕ್ಕೆ ಕಳಿಸಿದರು. ಮುಂಬೈಯಲ್ಲಿ ರನ್‌ವೇಗಳು ಒಂದನ್ನೊಂದು ಕತ್ತರಿಸುತ್ತವೆ, ಕೂಡುವ ಜಾಗದಲ್ಲಿ ಕೆಲಸವಿದ್ದರೆ ಎರಡೂ ಹೋದಂತೆ. ಹಾಗಾಗಿ ಮಳೆಗಾಲದ ಮೊದಲು ಮತ್ತು ನಂತರ ಹಗಲಿನಲ್ಲೇ ಕೆಲವು ಗಂಟೆ ಎರಡನ್ನೂ ಮುಚ್ಚಿ ನಿರ್ವಹಣೆ ಮಾಡುತ್ತಾರೆ.

ಪೂರ್ತಿ ಮುಚ್ಚಿದರೆ ಹಸ್ತಾಂತರ ಎರಡೇ ಬಾರಿ, ಮುಚ್ಚುವಾಗ ಒಮ್ಮೆ, ತೆರೆಯುವಾಗ ಒಮ್ಮೆ. ರಾತ್ರಿ ಪಾಳಿಯಲ್ಲಿ ಆರು ತಿಂಗಳು ಎಳೆದರೆ ಅದೇ ಅಪಾಯದ ಗಳಿಗೆ ಪ್ರತಿದಿನ ಎರಡು ಬಾರಿ. ಡಾಂಬರುಗಾರ ಅವರ ವಾದವನ್ನು ನಿಜವಾಗಿಯೂ ಒಪ್ಪುವುದಾದರೆ ಈ ಲೆಕ್ಕವನ್ನು ವಿಮಾನ ಸಂಸ್ಥೆಗಳ ಮುಂದಿಡಬೇಕು. ಒಂದೇ ರನ್‌ವೇ ಇರುವ ನಿಲ್ದಾಣಕ್ಕೆ ಆ ಭಾಗ್ಯವಿಲ್ಲ, ಅಲ್ಲಿ ರಾತ್ರಿ ಪಾಳಿಯೇ ಗತಿ.

ಎಡ ಆಸನ:

ಅಷ್ಟು ಸಲೀಸಲ್ಲ. ಒಂದು ರನ್‌ವೇ ಮುಚ್ಚಿ ಉಳಿದ ಒಂದರ ಮೇಲೆ ಇಡೀ ದಟ್ಟಣೆ ಬಿದ್ದರೆ, ನಾವು ಸಾಮಾನ್ಯವಾಗಿ ಬಳಸದ ದಾರಿಗಳಲ್ಲಿ ಟ್ಯಾಕ್ಸಿ ಮಾಡುತ್ತೇವೆ, ನಿಯಂತ್ರಕರ ಮಾತು ವೇಗವಾಗುತ್ತದೆ. ಅಪಾಯ ಕಾಮಗಾರಿ ಜಾಗದಿಂದ ಪಕ್ಕದ ರನ್‌ವೇಗೆ ವರ್ಗವಾಯಿತೇ ಹೊರತು ಕರಗಲಿಲ್ಲ. ದಟ್ಟಣೆಯನ್ನು ನಿಜವಾಗಿ ಇಳಿಸಿದರೆ ಮಾತ್ರ ನಿಮ್ಮ ಲೆಕ್ಕ ಸರಿ.

ಟೆಂಡರ್ ಕಡತ:

ಒಪ್ಪಿದೆ. ದುಬೈ ಉದಾಹರಣೆಯಲ್ಲಿ ಮುಖ್ಯವಾದದ್ದೂ ಅದೇ, ಸಂಖ್ಯೆ ಇಳಿಸಿದ್ದು.

ಆದರೆ ನಾನು ಬರೆಯಲು ಬಂದ ವಿಷಯ ಬೇರೆ. ರನ್‌ವೇ ತಡವಾಗಿ ತೆರೆದರೆ ಗುತ್ತಿಗೆದಾರನಿಗೆ ನಿಮಿಷದ ಲೆಕ್ಕದಲ್ಲಿ ದಂಡ ಹಾಕುವ ಷರತ್ತು ಕೆಲವು ಕರಾರುಗಳಲ್ಲಿ ಇರುತ್ತದೆ. ಉದ್ದೇಶ ಒಳ್ಳೆಯದೇ. ಪರಿಣಾಮ ನೋಡಿ. ಬೆಳಗಿನ ಜಾವ ಪೇವರ್ ಕೆಟ್ಟು ನಿಂತಿದೆ, ಇನ್ನೂ ಒಂದು ಪಟ್ಟೆ ಬಾಕಿ. ನಿಲ್ಲಿಸೋಣ ಎಂದರೆ ಆ ರಾತ್ರಿಯ ಪ್ರಗತಿ ಹೋಯಿತು. ಮುಂದುವರಿಸಿ ತಡವಾದರೆ ದಂಡ. ಮೂರನೆಯ ದಾರಿಯೊಂದು ಎಲ್ಲರ ಮನಸ್ಸಿನಲ್ಲೂ ಸುಳಿಯುತ್ತದೆ: ಗುಡಿಸುವುದನ್ನು, ತಪಾಸಣೆಯನ್ನು ಮೊಟಕುಗೊಳಿಸುವುದು. ಸುರಕ್ಷತೆಯ ಅಧ್ಯಾಯದಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ದರಪಟ್ಟಿ ಇನ್ನೊಂದು ಮಾತು ಹೇಳುತ್ತಿದ್ದರೆ ಕೆಲಸಗಾರರು ಕೇಳುವುದು ದರಪಟ್ಟಿಯ ಮಾತನ್ನೇ.

ಡಾಂಬರುಗಾರ:

ಟೆಂಡರ್ ಕಡತ ಮೇಡಂ, ನೀವು ನಮ್ಮ ಕಡೆಯವರ ಬಾಯಲ್ಲಿದ್ದ ಮಾತನ್ನೇ ಆಡಿದಿರಿ. ಇದಕ್ಕೆ ಪರಿಹಾರ ಏನು? ದಂಡವೇ ಇಲ್ಲವೆಂದರೆ ನಮ್ಮವರು ಸೂರ್ಯ ಹುಟ್ಟಿದ ಮೇಲೂ ರೋಲರ್ ಓಡಿಸುತ್ತಿರುತ್ತಾರೆ, ಅದೂ ನಿಜ.

ಟೆಂಡರ್ ಕಡತ:

ದಂಡ ಇರಲಿ. ಅದರ ಜೊತೆಗೆ ನಿಲ್ಲಿಸುವ ಸಮಯವೊಂದನ್ನು ಕರಾರಿನಲ್ಲೇ ಬರೆಯಬೇಕು. ತೆರೆಯುವ ಗಂಟೆಯಿಂದ ಹಿಂದಕ್ಕೆ ಎಣಿಸಿ: ತಪಾಸಣೆಗೆ ಇಷ್ಟು, ಗುಡಿಸಲು ಇಷ್ಟು, ಗುರುತು ಬಳಿಯಲು ಇಷ್ಟು, ಡಾಂಬರು ತಣಿಯಲು ಇಷ್ಟು. ಉಳಿದದ್ದು ಕೆಲಸದ ಸಮಯ. ಹಳೆಯ ಪದರ ಕೆರೆಯಲು ಶುರು ಮಾಡುವ ಮುನ್ನ ಒಂದು ಗಡುವು ಇರಬೇಕು. ಆ ಹೊತ್ತಿಗೆ ಡಾಂಬರು ಘಟಕ, ಪೇವರ್, ಬದಲಿ ಪೇವರ್, ಹವಾಮಾನ ಎಲ್ಲವೂ ಸರಿ ಎಂದು ಖಾತರಿಯಾಗದಿದ್ದರೆ ಆ ರಾತ್ರಿ ಕೆರೆಯುವಂತಿಲ್ಲ. ಕೆರೆದ ಮೇಲೆ ತುಂಬಲೇಬೇಕು, ಹಿಂದೆ ಸರಿಯುವ ಮಾತೇ ಇಲ್ಲ. ಹಾಗೆ ಮುಂಚಿತವಾಗಿ ನಿಲ್ಲಿಸಿದ ರಾತ್ರಿಗೆ ಗುತ್ತಿಗೆದಾರನಿಗೆ ಯಂತ್ರಗಳ ಬಾಡಿಗೆಯಾದರೂ ಸಿಗುವಂತಿರಬೇಕು. ನಿಲ್ಲಿಸಿದವನಿಗೇ ನಷ್ಟವಾದರೆ ಯಾರು ನಿಲ್ಲಿಸುತ್ತಾರೆ?

ಹಳದಿ ಜೀಪು:

ಡಾಂಬರುಗಾರ ಅವರೇ, ನಿಮ್ಮ ಪದರ ಎಷ್ಟು ದಪ್ಪ? ಪ್ರತಿ ಬೆಳಿಗ್ಗೆ ಹೊಸ ಪದರ ಮುಗಿದು ಹಳೆಯದು ಶುರುವಾಗುವ ಕಡೆ ಏನು ಮಾಡುತ್ತೀರಿ? ಹೆದ್ದಾರಿಯವರು ಇಲ್ಲೇ ಎಡವುವುದು.

ಡಾಂಬರುಗಾರ:

6 ಸೆಂಟಿಮೀಟರ್. ಹೆದ್ದಾರಿಯಲ್ಲಾದರೆ ಒಂದೆರಡು ಮೀಟರ್ ಇಳಿಜಾರು ಕೊಟ್ಟು ಫಲಕ ನೆಡುತ್ತೇವೆ.

ಹಳದಿ ಜೀಪು:

ಇಲ್ಲಿ ಫಲಕ ಓದಿ ವೇಗ ಇಳಿಸುವವರಿಲ್ಲ. ಹೊಸ ಪದರ 5 ಸೆಂಟಿಮೀಟರ್‌ವರೆಗೆ ಇದ್ದರೆ ತಾತ್ಕಾಲಿಕ ಇಳಿಜಾರು ಶೇಕಡಾ 0.5ರಿಂದ 1ರ ಒಳಗೆ ಇರಬೇಕು. 5 ಸೆಂಟಿಮೀಟರ್ ಮೀರಿದರೆ ಶೇಕಡಾ 0.5ಕ್ಕಿಂತ ಹೆಚ್ಚಾಗುವಂತಿಲ್ಲ. ಇದೂ 14ನೇ ಅನುಬಂಧದ್ದೇ. ನಿಮ್ಮ 6 ಸೆಂಟಿಮೀಟರ್‌ಗೆ ಅಂದರೆ ಕನಿಷ್ಠ 12 ಮೀಟರ್ ಉದ್ದದ ಇಳಿಜಾರು, ಪ್ರತಿ ರಾತ್ರಿ ಹಾಕಬೇಕು, ಮರುರಾತ್ರಿ ಅದನ್ನು ಕೆರೆದು ತೆಗೆದು ಮುಂದುವರಿಸಬೇಕು. ಕೆಲಸ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುವ ದಿಕ್ಕನ್ನೂ ಹಾಗೆಯೇ ಆರಿಸಬೇಕು, ಹೆಚ್ಚಿನ ವಿಮಾನಗಳು ಆ ಇಳಿಜಾರನ್ನು ಏರದೆ ಇಳಿಯುವಂತೆ. ಒಂದು ಪಾಳಿಯಲ್ಲಿ ಸಾಧ್ಯವಾದ ಮಟ್ಟಿಗೆ ರನ್‌ವೇಯ ಪೂರ್ತಿ ಅಗಲ ಮುಗಿಸಿ. ಅಡ್ಡಲಾಗಿ ಅರ್ಧ ಎತ್ತರ, ಅರ್ಧ ತಗ್ಗು ಬಿಟ್ಟರೆ ಎಡಚಕ್ರ ಒಂದು ಮಟ್ಟದಲ್ಲಿ, ಬಲಚಕ್ರ ಇನ್ನೊಂದು ಮಟ್ಟದಲ್ಲಿ ಓಡಬೇಕಾಗುತ್ತದೆ. ತೆರೆಯುವ ಮುನ್ನ ನಡುಗೆರೆಯನ್ನು ಮರಳಿ ಬಳಿಯಲೇಬೇಕು. ಕಪ್ಪು ಡಾಂಬರಿನ ಮೇಲೆ ಗೆರೆಯಿಲ್ಲದ ರನ್‌ವೇಗೆ ಮಳೆಯಲ್ಲಿ ಇಳಿದು ನೋಡಿ ಎಂದು ಎಡ ಆಸನ ಅವರನ್ನು ಕೇಳಬಹುದು.

ಎಡ ಆಸನ:

ಕೇಳಬೇಡಿ.

ಕ್ರೇನ್ ಕಣ್ಣು:

ಎಲ್ಲರೂ ರನ್‌ವೇ ಡಾಂಬರಿನಲ್ಲೇ ಇದ್ದೀರಿ. ನಮ್ಮದು ಟರ್ಮಿನಲ್ ವಿಸ್ತರಣೆ, ರನ್‌ವೇಯಿಂದ ಬಹಳ ದೂರ. ಆದರೂ ಕ್ರೇನ್ ಎತ್ತರಕ್ಕೆ ದಿನಕ್ಕೊಂದು ಆಕ್ಷೇಪ. ಅನುಮತಿ ಪಡೆದ ಎತ್ತರಕ್ಕಿಂತ ಒಂದೆರಡು ಮೀಟರ್ ಹೆಚ್ಚಾದರೆ ಆಕಾಶವೇ ಬೀಳುತ್ತದೆಯೇ?

ಗೋಪುರವಾಸಿ:

ಆಕಾಶ ಬೀಳುವುದಿಲ್ಲ, ಆದರೆ ಅಲ್ಲಿ ಕಣ್ಣಿಗೆ ಕಾಣದ ಇಳಿಜಾರುಗಳಿವೆ. ರನ್‌ವೇ ಪಕ್ಕದ ಪಟ್ಟಿಯ ಅಂಚಿನಿಂದ ಹೊರಕ್ಕೆ 7 ಮೀಟರ್ ಹೋದರೆ 1 ಮೀಟರ್ ಏರುವ ಮಿತಿ ಇದೆ, ದೊಡ್ಡ ರನ್‌ವೇಗಳಿಗೆ. ಅಂಚಿನಿಂದ 140 ಮೀಟರ್ ದೂರದಲ್ಲಿ ನಿಮಗೆ ಸಿಗುವುದು ಸುಮಾರು 20 ಮೀಟರ್ ಎತ್ತರ. ಕ್ರೇನ್ ಕೊಂಬನ್ನು ನೆಟ್ಟಗೆ ಎತ್ತಿದರೆ ಅದು ಎಲ್ಲೋ ದಾಟಿರುತ್ತದೆ. ಮೋಡ ತಗ್ಗಿದ ದಿನ ಇಳಿಯುವ ಪ್ರಯತ್ನ ಕೈಬಿಟ್ಟು ಮತ್ತೆ ಏರುವ ವಿಮಾನಕ್ಕೆ ಆ ಮಿತಿಯನ್ನು ನಂಬಿಯೇ ದಾರಿ ಲೆಕ್ಕ ಹಾಕಿರುತ್ತಾರೆ. ಆದ್ದರಿಂದಲೇ ಕೆಲವು ಕಡೆ ಗೋಚರತೆ ಇಳಿದ ಕೂಡಲೇ ಕೊಂಬು ಮಲಗಿಸಿ ಎಂಬ ಷರತ್ತು. ಮಲಗಿಸಲು ಎಷ್ಟು ನಿಮಿಷ ಬೇಕೆಂದು ಮೊದಲೇ ಅಳೆದು ಟವರ್‌ಗೆ ತಿಳಿಸಿಡಿ, ಆಗ ಆಕ್ಷೇಪಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಎತ್ತರವಷ್ಟೇ ಅಲ್ಲದೆ ಲೋಹದ ಪ್ರಶ್ನೆಯೂ ಇದೆ. ಇಳಿಯುವ ವಿಮಾನಕ್ಕೆ ಇಳಿಜಾರು ತೋರಿಸುವ ಗ್ಲೈಡ್ ಪಾತ್ ಆಂಟೆನಾ ತನ್ನ ಮುಂದಿನ ನೆಲದಿಂದ ಪುಟಿದ ಅಲೆಯನ್ನೂ ಬಳಸಿಕೊಂಡೇ ಸಂಕೇತ ರೂಪಿಸುತ್ತದೆ. ಅದರ ಮುಂದೆ ಮಣ್ಣಿನ ರಾಶಿ ಸುರಿದರೆ, ತಗಡಿನ ಬೇಲಿ ನಿಲ್ಲಿಸಿದರೆ ಸಂಕೇತ ಬಾಗುತ್ತದೆ. ಗುತ್ತಿಗೆದಾರರಿಗೆ ಅದು ಖಾಲಿ ಹುಲ್ಲುಗಾವಲಿನಂತೆ ಕಾಣುತ್ತದೆ, ಸಾಮಾನು ಇಡಲು ಹೇಳಿ ಮಾಡಿಸಿದ ಜಾಗ.

ದೀಪದ ಮೇಸ್ತ್ರಿ:

ಮಣ್ಣಿನ ರಾಶಿ ಎಂದಾಗ ಇದನ್ನೂ ಸೇರಿಸಿಬಿಡುತ್ತೇನೆ: ಅಗೆದ ಗುಂಡಿಯಲ್ಲಿ ನೀರು ನಿಂತರೆ ಹಕ್ಕಿಗಳು ಬರುತ್ತವೆ, ಒಣ ಮಣ್ಣಿಗೆ ನೀರು ಸಿಂಪಡಿಸದಿದ್ದರೆ ದೂಳು ಏಳುತ್ತದೆ. ಇವೆರಡೂ ಎಲ್ಲ ಯೋಜನೆಗಳಲ್ಲೂ ಇರುತ್ತವೆ, ಹೆಚ್ಚು ಹೇಳಬೇಕಿಲ್ಲ. ಸಿಮೆಂಟ್ ಚೀಲ ಮತ್ತು ಪ್ಲಾಸ್ಟಿಕ್ ಹಾಳೆಗಳಿಗೆ ಮಾತ್ರ ಮುಚ್ಚಳವಿರುವ ಡಬ್ಬಿ ಇಡಿಸಿ, ಭಾರವಾದದ್ದು.

ಸುಮ್ಮನೆ ಓದುಗ:

ಇಷ್ಟೆಲ್ಲ ನಿಯಮಗಳಿದ್ದ ಮೇಲೆ ಹೊರಗಿನ ಟಿಪ್ಪರ್ ಚಾಲಕರೇ ಮುಖ್ಯ ಸಮಸ್ಯೆ ಎಂದು ತೋರುತ್ತದೆ. ಅವರಿಗೆ ವಿಮಾನ ನಿಲ್ದಾಣವೇ ಹೊಸದು.

ಗೋಪುರವಾಸಿ:

ಹಾಗೆ ಅನ್ನಿಸುವುದು ಸಹಜ, ಆದರೆ ಹೊಸಬರು ಎಸ್ಕಾರ್ಟ್ ಬಿಟ್ಟು ಕದಲುವುದಿಲ್ಲ. ಜಾಗ ಚೆನ್ನಾಗಿ ಗೊತ್ತಿರುವವರ ಬಗ್ಗೆ ನನಗೆ ಹೆಚ್ಚು ಕಾಳಜಿ. 2022ರ ನವೆಂಬರ್ 18ರಂದು ಪೆರುವಿನ ಲಿಮಾದಲ್ಲಿ ರನ್‌ವೇ ಪ್ರವೇಶಿಸಿದ್ದು ನಿಲ್ದಾಣದ್ದೇ ಅಗ್ನಿಶಾಮಕ ವಾಹನಗಳು. ಎಷ್ಟು ಬೇಗ ತಲುಪಬಲ್ಲೆವು ಎಂದು ಪರೀಕ್ಷಿಸುವ ಕಸರತ್ತು ನಡೆದಿತ್ತು. ಟೇಕ್‌ಆಫ್ ಓಟದಲ್ಲಿದ್ದ ಲಾಟಾಮ್ ಸಂಸ್ಥೆಯ ಏರ್‌ಬಸ್ ಎ320 ನಿಯೋ ಒಂದು ವಾಹನಕ್ಕೆ ಡಿಕ್ಕಿಯಾಯಿತು. ವಿಮಾನದಲ್ಲಿದ್ದವರೆಲ್ಲ ಬದುಕಿದರು, ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಆಂಬುಲೆನ್ಸ್, ತಪಾಸಣೆ ಜೀಪು, ನೋಡಲು ಬಂದ ಮುಖ್ಯ ಎಂಜಿನಿಯರ್ ಸಾಹೇಬರ ಕಾರು ಎಲ್ಲಕ್ಕೂ ಒಂದೇ ನಿಯಮ. ಹಗಲಾದರೆ ಚೌಕಳಿ ಬಾವುಟ, ಪ್ರತಿ ಬದಿ 0.9 ಮೀಟರ್‌ಗೆ ಕಡಿಮೆಯಿಲ್ಲದ್ದು. ರಾತ್ರಿಯಾದರೆ ತಲೆಯ ಮೇಲೆ ಮಿನುಗುವ ದೀಪ. ಯಾವ ಹೊತ್ತಿನಲ್ಲೇ ಆಗಲಿ ರೇಡಿಯೋ ಅನುಮತಿ.

ಹಳದಿ ಜೀಪು:

ಸಾಹೇಬರ ಕಾರಿನ ಬಗ್ಗೆ ಬರೆದದ್ದಕ್ಕೆ ಧನ್ಯವಾದ. ಇದನ್ನು ಮುದ್ರಿಸಿ ಗೇಟಿನಲ್ಲಿ ಅಂಟಿಸುತ್ತೇನೆ.

ಡಾಂಬರುಗಾರ:

ಎಲ್ಲರಿಗೂ ಕೃತಜ್ಞತೆ. ಯೋಜನೆಯ ಕ್ರಮ ಬದಲಾಯಿಸುತ್ತಿದ್ದೇನೆ. ಮೊದಲ ಅಧ್ಯಾಯ ಮುಚ್ಚುವುದು ಮತ್ತು ತೆರೆಯುವುದು, ಎರಡನೆಯದು ಹಂತ ಬದಲಾಗುವ ದಿನಗಳು, ಹೆಲ್ಮೆಟ್ ಇತ್ಯಾದಿ ಕೊನೆಗೆ. ಪ್ರತಿ ಹಂತಕ್ಕೂ ಒಂದೇ ಹಾಳೆಯ ಬಣ್ಣದ ನಕ್ಷೆ, ಅದೇ ನಕ್ಷೆ ಟವರ್‌ನಲ್ಲಿ, ಪೈಲಟ್‌ಗಳ ಕೈಯಲ್ಲಿ, ಟಿಪ್ಪರ್ ಕ್ಯಾಬಿನ್‌ನಲ್ಲಿ. ನಿಲ್ಲಿಸುವ ಗಡುವಿನ ಷರತ್ತನ್ನು ಕರಾರಿಗೆ ಸೇರಿಸಲು ಪತ್ರ ಬರೆದಿದ್ದೇನೆ. ಒಪ್ಪುತ್ತಾರೋ ಇಲ್ಲವೋ ನೋಡೋಣ.

ಒಂದು ತೊಡಕು ಉಳಿದಿದೆ. ನಮ್ಮ ವೇಳಾಪಟ್ಟಿಯ ಪ್ರಕಾರ ರನ್‌ವೇ ತೆರೆಯುವ ಹೊತ್ತಿಗೇ ಟವರ್‌ನಲ್ಲೂ ಏರ್‌ಸೈಡ್ ವಿಭಾಗದಲ್ಲೂ ಪಾಳಿ ಬದಲಾಗುತ್ತದೆ. ರಾತ್ರಿಯಿಡೀ ನೋಡಿದವರು ಮನೆಗೆ, ಏನೂ ನೋಡದವರು ಸಹಿಗೆ. ಯಾರು ಸಹಿ ಹಾಕಬೇಕು?

ಗೋಪುರವಾಸಿ:

ರಾತ್ರಿ ಪಾಳಿಯವರೇ. ತೆರೆದು ಮೊದಲ ವಿಮಾನ ಇಳಿಯುವವರೆಗೂ ಅವರು ಕುರ್ಚಿ ಬಿಡಬಾರದು. ಬದಲಾವಣೆಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿಸಿ. ನಾನಿದ್ದ ಕಡೆ ಇದಕ್ಕೆ ಹೆಚ್ಚುವರಿ ಭತ್ಯೆಯ ತಕರಾರು ಬಂದಿತ್ತು, ಆದರೆ ಬಗೆಹರಿಯಿತು.

ಹಳದಿ ಜೀಪು:

ನಮ್ಮ ವಿಭಾಗದ ಪಾಳಿಯನ್ನು ಬದಲಾಯಿಸಬಹುದು, ಕಷ್ಟವಿಲ್ಲ. ಟವರ್‌ನವರದು ಬೇರೆ ಸಂಸ್ಥೆ, ಅವರ ಪಾಳಿ ಪಟ್ಟಿ ತಿಂಗಳು ಮೊದಲೇ ಹೊರಬೀಳುತ್ತದೆ. ಡಾಂಬರುಗಾರ ಅವರೇ, ಕೆಲಸ ಆರಂಭದ ದಿನಾಂಕಕ್ಕೆ ಕಾಯದೆ ಈ ವಾರವೇ ಅವರಿಗೆ ಪತ್ರ ಹೋಗಲಿ.